ನಿಮಗಿದು ಗೊತ್ತೆ? ಅಂತಿಮ ವಿದಾಯಕ್ಕೆ ಎಲ್ವಿಸ್ ಹಾಡು

ರಾಕ್ ಅಂಡ್ ರೋಲ್ ದೊರೆ ಎಂದೇ ಹೆಸರಾದ ಅಮೆರಿಕದ ಎಲ್ವಿಸ್ ಪ್ರೀಸ್ಲಿ ಸ್ಪರ್ಧೆಯಲ್ಲಿ ಗೆದ್ದ ಮೂರೂ ಗ್ರ್ಯಾಮಿ ಪ್ರಶಸ್ತಿಗಳು ಬಂದದ್ದು ರಾಕ್ ಸಂಗೀತಕ್ಕಲ್ಲ, ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆಗಳಿಗೆ. ಅಲ್ಲಿನ ಅಂತ್ಯಸಂಸ್ಕಾರಗಳಿಗೆ ಕುಟುಂಬದವರು ಆರಿಸುವ ಹಾಡುಗಳಲ್ಲಿ ಎಲ್ವಿಸ್ ಹಾಡಿದ ಗಾಸ್ಪೆಲ್ ಗೀತೆಗಳೂ ಸೇರಿವೆ.

ಇವುಗಳ ಪೈಕಿ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಹುಟ್ಟಿದ್ದೇ ಸಾವಿನ ದುಃಖದಲ್ಲಿ. 1932ರಲ್ಲಿ ಹೆರಿಗೆಯ ವೇಳೆ ಹೆಂಡತಿಯನ್ನೂ ಅದರ ಬೆನ್ನಲ್ಲೇ ಹಸುಗೂಸನ್ನೂ ಕಳೆದುಕೊಂಡ ಥಾಮಸ್ ಡಾರ್ಸಿ ಅದನ್ನು ಬರೆದರು. ಎಲ್ವಿಸ್ ಅದನ್ನು 1957ರಲ್ಲಿ ಧ್ವನಿಮುದ್ರಿಸಿದರು. ಡಾರ್ಸಿಯವರದೇ ಆದ ‘ಪೀಸ್ ಇನ್ ದಿ ವ್ಯಾಲಿ’ಯೂ ಜೊತೆಗಿತ್ತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಸಂಸ್ಕಾರದಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಇದೇ ‘ಪ್ರೆಷಸ್ ಲಾರ್ಡ್’ ಗೀತೆಯನ್ನು. 1972ರಲ್ಲಿ ಮಹಾಲಿಯಾ ತೀರಿಕೊಂಡಾಗ ಅವರಿಗಾಗಿ ಅರೀಥಾ ಫ್ರಾಂಕ್ಲಿನ್ ಅದನ್ನು ಹಾಡಿದರು. ಒಂದು ಗೀತೆಗೆ ಇದಕ್ಕಿಂತ ದೊಡ್ಡ ಗೌರವ ಸಿಗುವುದು ಅಪರೂಪ.

ಎಲ್ವಿಸ್ ತಾಯಿ ಗ್ಲಾಡಿಸ್ 1958ರಲ್ಲಿ ನಿಧನರಾದಾಗ, ಆಕೆಗೆ ಅಚ್ಚುಮೆಚ್ಚಾಗಿದ್ದ ಬ್ಲಾಕ್‌ವುಡ್ ಬ್ರದರ್ಸ್ ತಂಡ ಬಂದು ಹಾಡಿತು. 1977ರ ಆಗಸ್ಟ್‌ 18ರಂದು ಮೆಂಫಿಸ್‌ನ ಗ್ರೇಸ್‌ಲ್ಯಾಂಡ್ ಮನೆಯಲ್ಲಿ ನಡೆದ ಎಲ್ವಿಸ್ ಅಂತ್ಯಸಂಸ್ಕಾರದಲ್ಲಿ ಅದೇ ತಂಡದ ಜೇಮ್ಸ್ ಬ್ಲಾಕ್‌ವುಡ್ ‘ಹೌ ಗ್ರೇಟ್ ದೌ ಆರ್ಟ್’ ಹಾಡಿದರು. ಅದರ ಮೂಲ, ಸ್ವೀಡನ್ನಿನ ಕಾರ್ಲ್ ಬೊಬರ್ಗ್ 1885ರಲ್ಲಿ ಬರೆದ ಕವಿತೆ.

ಎಲ್ವಿಸ್ ಹಾಡಿದ ‘ಲವ್ ಮಿ ಟೆಂಡರ್’ನಂಥ ಪ್ರೇಮಗೀತೆಗಳ ಆಯ್ಕೆ ಇಷ್ಟು ಸಲೀಸಲ್ಲ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಲೌಕಿಕ ಹಾಡುಗಳಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ಅವನ್ನು ಹಿಂದಿನ ಸಂಜೆಯ ಅಂತಿಮ ದರ್ಶನಕ್ಕೋ ಸಂಸ್ಕಾರದ ನಂತರದ ಕೂಟಕ್ಕೋ ಇಟ್ಟುಕೊಳ್ಳುತ್ತಾರೆ.