ಮಂದ ಕಣ್ಣಿಗೆ ಮಾನಿಟರ್: ನಂಬಿದ್ದೆಷ್ಟು, ನಿಜವೆಷ್ಟು

ಕೆಮ್ಮಣ್ಣು, ಕಾಪು, ಕಾರ್ಕಳದ ಕಡೆ ಮಕ್ಕಳು ದುಬೈಯಲ್ಲೋ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುವ ಮನೆಗಳು ಬಹಳ. ಊರಿನಲ್ಲಿ ಉಳಿದ ಅಪ್ಪ ಅಮ್ಮನಿಗೆ ಕಂಪ್ಯೂಟರು ಬರೇ ಹೊತ್ತು ಕಳೆಯುವ ಸಾಧನವಲ್ಲ. ಬೆಳಗಿನ ಇ-ಪೇಪರ್, ಬ್ಯಾಂಕಿನ ಖಾತೆ, ಪಹಣಿ, ಮೊಮ್ಮಕ್ಕಳ ಮುಖ ಎಲ್ಲವೂ ಅದರಲ್ಲೇ. ಅಕ್ಷರ ಮಸುಕಾಗುತ್ತಿದೆ ಎಂದು ಫೋನಿನಲ್ಲಿ ಕೇಳಿದ ಮಕ್ಕಳು ರಜೆಯಲ್ಲಿ ಬಂದಾಗ ಉಡುಪಿಗೆ ಹೋಗಿ ಒಳ್ಳೆಯ ದುಬಾರಿ 4ಕೆ ಮಾನಿಟರ್ ತರುತ್ತಾರೆ. ಪ್ರೀತಿಯಿಂದ ತಂದ ಆ ಪರದೆಯಲ್ಲಿ ಅಪ್ಪನಿಗೆ ಅಕ್ಷರ ಮೊದಲಿಗಿಂತ ಸಣ್ಣದಾಗಿ ಕಾಣುವುದುಂಟು. ದೋಷ ಮಾನಿಟರಿನದಲ್ಲ, ಅಪ್ಪನ ಕಣ್ಣಿನದೂ ಅಲ್ಲ. ರೆಸಲ್ಯೂಷನ್ ಹೆಚ್ಚಿದಷ್ಟೂ ಕಾಣುವುದು ಸುಲಭ ಎಂಬ ನಂಬಿಕೆಯದು.

ಲೆಕ್ಕ ಸರಳ. 24 ಇಂಚಿನ ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಇರುತ್ತವೆ. 27 ಇಂಚಿನ 4ಕೆ ಪರದೆಯಲ್ಲಿ ಅದೇ ಒಂದು ಇಂಚಿಗೆ 163. ಅಕ್ಷರವನ್ನು ಅಷ್ಟೇ ಪಿಕ್ಸೆಲ್‌ಗಳಲ್ಲಿ ಬಿಡಿಸಿದರೆ ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಾತ್ರಕ್ಕೆ ಇಳಿಯುತ್ತದೆ. ಅದಕ್ಕಾಗಿಯೇ ವಿಂಡೋಸ್‌ನಲ್ಲಿ ಸ್ಕೇಲ್ ಎಂಬ ವ್ಯವಸ್ಥೆ ಇದೆ. ಇಂಥ ಪರದೆಗೆ ಸಾಮಾನ್ಯವಾಗಿ 150 ಶೇಕಡಾ ಎಂದು ಅದೇ ಸೂಚಿಸುತ್ತದೆ. ಆದರೆ 150ರಲ್ಲಿಯೂ ಅಕ್ಷರ ಆ ಹಳೆಯ 24 ಇಂಚಿನ ಪರದೆಯದಕ್ಕಿಂತ ಸುಮಾರು 15 ಶೇಕಡಾ ಚಿಕ್ಕದು! ಸ್ಕೇಲನ್ನು 200ಕ್ಕೆ ಏರಿಸಿದಾಗ ಮಾತ್ರ ಅಕ್ಷರ ಹಳೆಯದಕ್ಕಿಂತ ದೊಡ್ಡದಾಗುತ್ತದೆ. 4ಕೆಯ ನಿಜವಾದ ಲಾಭ ಕಾಣುವುದು ಆಗಲೇ: ದೊಡ್ಡ ಅಕ್ಷರದ ಅಂಚುಗಳು ಮೆಟ್ಟಿಲು ಮೆಟ್ಟಿಲಾಗದೆ ನುಣುಪಾಗಿ ನಿಲ್ಲುತ್ತವೆ.

ಇಲ್ಲಿಯೇ ಇನ್ನೊಂದು ತಪ್ಪು ನಡೆಯುತ್ತದೆ. ಅಕ್ಷರ ಸಣ್ಣದಾಯಿತು ಎಂದಾಗ ಪಕ್ಕದ ಮನೆಯ ಹುಡುಗನೋ ರಿಪೇರಿಯವನೋ ಬಂದು ರೆಸಲ್ಯೂಷನ್ನನ್ನೇ ಇಳಿಸಿ ಹೋಗುತ್ತಾರೆ. ಅಕ್ಷರ ದೊಡ್ಡದಾಗುತ್ತದೆ ನಿಜ, ಜೊತೆಗೆ ಮಂಜು ಕವಿದಂತೆಯೂ ಆಗುತ್ತದೆ. ಮೊದಲೇ ಮಸುಕಾಗಿ ಕಾಣುವ ಕಣ್ಣಿಗೆ ಮಸುಕು ಅಕ್ಷರ ಕೊಟ್ಟಂತಾಯಿತು. ಪರದೆ ಯಾವ ರೆಸಲ್ಯೂಷನ್ನಿಗೆಂದು ತಯಾರಾಗಿದೆಯೋ ಅದನ್ನು ಹಾಗೇ ಬಿಟ್ಟು, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಸ್ಕೇಲನ್ನು ಏರಿಸಬೇಕು. ವಿಂಡೋಸ್ 11ರಲ್ಲಿ ಆಕ್ಸೆಸಿಬಿಲಿಟಿ ವಿಭಾಗದ ಟೆಕ್ಸ್ಟ್ ಸೈಜ್‌ನಿಂದ ಬರಹವನ್ನಷ್ಟೇ 225 ಶೇಕಡಾದವರೆಗೆ ದೊಡ್ಡದು ಮಾಡಬಹುದು.

“ಅಜ್ಜ, ಅಷ್ಟು ಹತ್ರ ಕೂರ್ಬೇಡಿ, ಕಣ್ಣು ಹಾಳಾಗ್ತದೆ”

ಈ ಮಾತು ಕೇಳದ ಮನೆ ಕರಾವಳಿಯಲ್ಲಿ ಸಿಗಲಾರದು. ಕಣ್ಣು ಕಾಣದ ಹಿರಿಯರಿಗೆ ಇದಕ್ಕಿಂತ ಹೆಚ್ಚು ತೊಂದರೆ ಕೊಟ್ಟ ಉಪದೇಶವೂ ಬೇರೆ ಇಲ್ಲ. ಪರದೆಯ ಹತ್ತಿರ ಕುಳಿತ ಮಾತ್ರಕ್ಕೆ ವಯಸ್ಕರ ಕಣ್ಣು ಹಾಳಾಗುವುದಿಲ್ಲ. ಮಕ್ಕಳ ವಿಷಯ ಬೇರೆ: ದಿನವಿಡೀ ಹತ್ತಿರದ ಕೆಲಸ, ಹೊರಗಿನ ಬೆಳಕಿನಲ್ಲಿ ಆಟವಿಲ್ಲದಿರುವುದು ಇವುಗಳಿಗೂ ಸಮೀಪದೃಷ್ಟಿ ಹೆಚ್ಚುವುದಕ್ಕೂ ಸಂಬಂಧವಿದೆ. ಆದರೆ ಎಪ್ಪತ್ತರ ಅಜ್ಜ ಪರದೆಗೆ ಮುಖ ಹತ್ತಿರ ತಂದರೆ ಅದು ಕೆಟ್ಟ ಚಾಳಿಯಲ್ಲ, ಖರ್ಚಿಲ್ಲದ ಭೂತಗನ್ನಡಿ. 60 ಸೆಂಟಿಮೀಟರ್ ದೂರದಿಂದ 30ಕ್ಕೆ ಬಂದರೆ ಅಕ್ಷರ ಕಣ್ಣಿನೊಳಗೆ ಎರಡು ಪಟ್ಟು ದೊಡ್ಡದಾಗಿ ಬೀಳುತ್ತದೆ. ಎಷ್ಟು ಸಾವಿರ ಕೊಟ್ಟು 24ರ ಬದಲು 32 ಇಂಚಿನದು ತಂದರೂ ಇಷ್ಟು ಹಿಗ್ಗುವುದಿಲ್ಲ. ದೊಡ್ಡದನ್ನು ಗೋಡೆಗೆ ತಾಗಿಸಿ ದೂರ ಇಟ್ಟರಂತೂ ಇದ್ದ ಲಾಭವೂ ಹೋಯಿತು.

ಹತ್ತಿರ ಬಂದರೂ ಸ್ಪಷ್ಟವಾಗಿ ಕಾಣಬೇಕಾದರೆ ಕನ್ನಡಕ ಆ ದೂರಕ್ಕೆ ಹೊಂದಬೇಕು. ಚಾಳೀಸಿನ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ 40 ಸೆಂಟಿಮೀಟರಿಗೆ ಬರೆದುಕೊಡುತ್ತಾರೆ. ಹತ್ತಿರಕ್ಕೆ ಹೊಂದಿಸಿಕೊಳ್ಳುವ ಶಕ್ತಿ ಪೂರ್ತಿ ಹೋದ ಕಣ್ಣಿಗೆ ಆ ದೂರಕ್ಕೆ ಬೇಕಾಗುವುದು 2.5 ಹೆಚ್ಚುವರಿ ಪವರ್. 60 ಸೆಂಟಿಮೀಟರಿನ ಪರದೆಗೆ 1.7ರಷ್ಟು ಸಾಕು, 30ಕ್ಕೆ ಬಂದರೆ 3.3 ಬೇಕು. ಪುಸ್ತಕದ ಕನ್ನಡಕವನ್ನೇ ಕಂಪ್ಯೂಟರಿಗೂ ಹಾಕಿಕೊಂಡು “ನನ್ನ ಕಣ್ಣು ಹೋಯಿತು” ಎಂದು ಕುಗ್ಗುವ ಎಷ್ಟೋ ಜನರಿಗೆ ಬೇಕಾಗಿರುವುದು ಹೊಸ ಮಾನಿಟರಲ್ಲ, ಒಂದು ಟೇಪು. ಕಣ್ಣಿನಿಂದ ಪರದೆಗೆ ಎಷ್ಟು ದೂರ ಎಂದು ಅಳೆದು ಆ ಸಂಖ್ಯೆಯನ್ನು ಕಣ್ಣು ಪರೀಕ್ಷಿಸುವವರಿಗೆ ಹೇಳಿದರೆ ಆ ದೂರಕ್ಕೇ ಕನ್ನಡಕ ಬರೆದುಕೊಡುತ್ತಾರೆ. ಈ ಸೀಮೆಯವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಶುರುವಾದ ಮಣಿಪಾಲದಲ್ಲಿ ನೇತ್ರ ವಿಭಾಗವೂ ಇದೆ, ಆಪ್ಟೊಮೆಟ್ರಿ ಕಲಿಸುವ ವಿಭಾಗವೂ ಇದೆ.

ಎರಡು ಪವರಿನ ಕನ್ನಡಕದವರಿಗೆ ಮತ್ತೊಂದು ಮಾತು. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು ಎಂಬ ನಿಯಮ ಅವರಿಗಲ್ಲ. ಹತ್ತಿರದ ಪವರ್ ಇರುವುದು ಗಾಜಿನ ಕೆಳಭಾಗದಲ್ಲಿ. ಪರದೆ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಿ ಓದಬೇಕು, ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಅವರು ಪರದೆಯನ್ನು ತಗ್ಗಿಸಿ ಸ್ವಲ್ಪ ಹಿಂದಕ್ಕೆ ವಾಲಿಸಿಕೊಳ್ಳಬೇಕು.

ದೊಡ್ಡ ಪರದೆ ಎಲ್ಲ ಕಣ್ಣಿಗೂ ಅಲ್ಲ

ಕಣ್ಣು ಸರಿಯಿಲ್ಲ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ. ಅಕ್ಷಿಪಟಲದ ನಡುಭಾಗ, ಅಂದರೆ ಮ್ಯಾಕುಲಾ ಸವೆದವರಿಗೆ ನೇರ ನೋಡಿದ ಅಕ್ಷರವೇ ಮಾಯವಾಗುತ್ತದೆ. ಪಕ್ಕದ ನೋಟದಲ್ಲಿ ಓದಬೇಕು, ಅದಕ್ಕೆ ಅಕ್ಷರ ತುಂಬಾ ದೊಡ್ಡದಿರಬೇಕು. ಗ್ಲಾಕೋಮಾ ಮುಂದುವರಿದವರಲ್ಲಿ ಅಥವಾ ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಲ್ಲಿ ನಡೆಯುವುದು ಇದರ ತಿರುಗುಮುರುಗು. ಸುತ್ತಲಿನ ನೋಟ ಹೋಗಿ ನಡುವಿನ ಕಿಂಡಿ ಮಾತ್ರ ಉಳಿದಿರುತ್ತದೆ. ಅವರ ಮುಂದೆ 32 ಇಂಚಿನ ಪರದೆ ಇಟ್ಟು ಅಕ್ಷರವನ್ನೂ ಹಿಗ್ಗಿಸಿದರೆ ಆ ಕಿಂಡಿಯಲ್ಲಿ ಒಂದು ಪದವೂ ಪೂರ್ತಿ ಹಿಡಿಸುವುದಿಲ್ಲ. ಮೌಸಿನ ಬಾಣ ಎಲ್ಲಿ ಹೋಯಿತೆಂದು ಹುಡುಕುವುದರಲ್ಲೇ ಸುಸ್ತಾಗುತ್ತಾರೆ. ಅವರಿಗೆ ಹೊಂದುವುದು ಚಿಕ್ಕ ಪರದೆ, ತುಸು ದೂರ, ಹದವಾದ ಅಕ್ಷರ, ಚೆನ್ನಾದ ಕಾಂಟ್ರಾಸ್ಟ್. ಹಾಗಾಗಿ ಮಾನಿಟರಿನ ಬೆಲೆ ಕೇಳುವ ಮೊದಲು ಕಾಯಿಲೆಯ ಹೆಸರು ಗೊತ್ತಿರಬೇಕು.

ಹತ್ತಿರ ಕುಳಿತು ಓದುವವರಿಗೂ ಅಗಲ ಪರದೆಯಿಂದ ತೊಡಕುಂಟು. 32 ಇಂಚಿನ ಮಾನಿಟರಿನ ಅಗಲ ಸುಮಾರು 70 ಸೆಂಟಿಮೀಟರ್. 30 ಸೆಂಟಿಮೀಟರ್ ದೂರದಲ್ಲಿ ಕುಳಿತವರಿಗೆ ಅದರ ಎಡಬಲದ ಅಂಚುಗಳು 46 ಸೆಂಟಿಮೀಟರ್ ದೂರಕ್ಕೆ ಹೋಗುತ್ತವೆ, ಅಲ್ಲಿಯ ಅಕ್ಷರ ಕನ್ನಡಕದ ಹಿಡಿತಕ್ಕೆ ಸಿಗುವುದಿಲ್ಲ. ಓದುವ ಕಿಟಕಿಯನ್ನು ಕಿರಿದು ಮಾಡಿ ಪರದೆಯ ನಡುವೆ ಇಟ್ಟುಕೊಳ್ಳುವುದೇ ಉಪಾಯ.

ಕನ್ನಡಕ್ಕೆ ಇನ್ನೂ ಒಂದು ಸುತ್ತು ದೊಡ್ಡದು ಬೇಕು

ಅಂತರಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಇಂಗ್ಲಿಷ್ ಓದುವವರನ್ನು ಮನಸ್ಸಿನಲ್ಲಿಟ್ಟು ಬರೆದವು. ಅವುಗಳನ್ನೇ ನಂಬಿ “ಈ ಅಳತೆ ಸಾಕು” ಎಂದುಕೊಂಡರೆ ಕನ್ನಡ ಓದುವವರಿಗೆ ಅನ್ಯಾಯ. ನಮ್ಮ ಲಿಪಿಯಲ್ಲಿ ಅರ್ಥವನ್ನು ಬದಲಿಸುವ ಗುರುತುಗಳು ಬಹಳ ಸಣ್ಣವು. ದನ ಮತ್ತು ಧನದ ನಡುವೆ ಇರುವುದು ಬುಡದ ಒಂದು ಸೀಳು. ಬಾರ ಮತ್ತು ಭಾರದ ನಡುವೆಯೂ ಅಷ್ಟೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಒತ್ತುಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಒತ್ತೊತ್ತಾಗಿ ಕೂರುತ್ತವೆ. ಒಂದೇ ಪಾಯಿಂಟ್ ಅಳತೆಯಲ್ಲಿ ಇಂಗ್ಲಿಷ್ ಸಲೀಸಾಗಿ ಓದುವವರೂ ಕನ್ನಡದಲ್ಲಿ ಒತ್ತನ್ನು ಊಹಿಸಿ ಮುಂದೆ ಹೋಗುತ್ತಾರೆ. ಊಹೆಯ ಓದು ಬೇಗ ದಣಿಸುತ್ತದೆ.

ಕಷ್ಟಪಟ್ಟರೆ ಓದಲು ಸಿಗುವ ಅತಿ ಸಣ್ಣ ಅಕ್ಷರವನ್ನು ಸರಿಯಾದ ಅಳತೆ ಎಂದುಕೊಳ್ಳುವುದೂ ತಪ್ಪು. ಸರಾಗ ಓದಿಗೆ ಅದರ ಎರಡು ಪಟ್ಟಾದರೂ ಇರಬೇಕು. ಪರೀಕ್ಷಿಸುವುದಾದರೆ ಒತ್ತಕ್ಷರ ತುಂಬಿದ ಕನ್ನಡ ಪುಟದಲ್ಲೇ ಪರೀಕ್ಷಿಸಬೇಕು. ತೆಳು ಗೆರೆಯ ಅಲಂಕಾರದ ಫಾಂಟಿಗಿಂತ ನಿರ್ಮಲಾ, ನೋಟೋ ಸಾನ್ಸ್ ಕನ್ನಡದಂಥ ಸರಳ ಫಾಂಟು ಒಳ್ಳೆಯದು.

ಇ-ಪೇಪರ್ ಓದುವವರು ಇನ್ನೊಂದನ್ನು ಗಮನಿಸಬೇಕು. 1970ರಿಂದ ಮಣಿಪಾಲದಿಂದ ಹೊರಡುತ್ತಿರುವ ಉದಯವಾಣಿ ಇರಲಿ, ಬೇರೆ ಪತ್ರಿಕೆ ಇರಲಿ, ಇ-ಪೇಪರಿನ ಪುಟ ಸಾಮಾನ್ಯವಾಗಿ ಚಿತ್ರರೂಪದಲ್ಲಿ ಬರುತ್ತದೆ. ಟೆಕ್ಸ್ಟ್ ಸೈಜ್ ಏರಿಸಿದರೆ ಅದು ಬದಲಾಗುವುದಿಲ್ಲ. ಪುಟವನ್ನೇ ಝೂಮ್ ಮಾಡಬೇಕು, ಇಲ್ಲವೇ ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿ ಮ್ಯಾಗ್ನಿಫೈಯರ್ ತೆರೆಯಬೇಕು. ಪತ್ರಿಕೆಯ ಕಾಲಂ ಕಿರಿದಾಗಿರುವುದು ಇಲ್ಲಿ ವರವಾಗುತ್ತದೆ. ಸಾಕಷ್ಟು ಹಿಗ್ಗಿಸಿದರೂ ಸಾಲು ಪರದೆಯೊಳಗೇ ನಿಲ್ಲುತ್ತದೆ. ಅದೇ ಸರ್ಕಾರಿ ಆದೇಶದ ಪಿಡಿಎಫ್ ಆದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡಬೇಕು.

ಬೆಳಕು ಹೆಚ್ಚಾದರೆ ಚೆನ್ನಾಗಿ ಕಾಣುತ್ತದೆಯೇ?

ಸುವರ್ಣಾ ನದಿ ಸಮುದ್ರ ಸೇರುವ ಕಡೆ ಇರುವ ಕೆಮ್ಮಣ್ಣಿನಲ್ಲಿ ಪಡುವಣ ಕಿಟಕಿಯಿಂದ ಮಧ್ಯಾಹ್ನದ ಮೇಲೆ ಬರುವ ಬೆಳಕು ಸಣ್ಣದಲ್ಲ, ನೀರಿನ ಮೇಲಿನ ಹೊಳಪೂ ಸೇರಿರುತ್ತದೆ. ಆಷಾಢದ ಮಳೆಯಲ್ಲಿ ಅದೇ ಕೋಣೆ ಮಧ್ಯಾಹ್ನವೇ ಕತ್ತಲು. ಮೇ ತಿಂಗಳಲ್ಲಿ ಹೊಂದಿಸಿದ ಬ್ರೈಟ್‌ನೆಸ್ ಜುಲೈಯಲ್ಲಿ ಕಣ್ಣು ಚುಚ್ಚುತ್ತದೆ. ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು ನೋಡಿ. ಪರದೆ ದೀಪದಂತೆ ಉರಿಯುತ್ತಿದ್ದರೆ ಇಳಿಸಬೇಕು, ಹಾಳೆಗಿಂತ ಮಂಕಾಗಿದ್ದರೆ ಏರಿಸಬೇಕು. ಕಿಟಕಿ ಪರದೆಯ ಹಿಂದೆಯೂ ಬೇಡ, ಕುಳಿತವರ ಬೆನ್ನಿಗೂ ಬೇಡ, ಪಕ್ಕಕ್ಕಿರಲಿ. ಹೊಳೆಯುವ ಗಾಜಿನ ಪರದೆಗಿಂತ ಮ್ಯಾಟ್ ಪರದೆ ಈ ಮನೆಗಳಿಗೆ ಸರಿ.

ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಕಣ್ಣಿಗೆ ತಂಪು ಎಂಬ ಮಾತು ಅರ್ಧ ಮಾತ್ರ ನಿಜ. ಅಮೆರಿಕದ ಗಾರ್ಡನ್ ಲೆಗ್ಗಿ, ಸ್ವತಃ ಮಂದದೃಷ್ಟಿಯಿದ್ದೇ ಓದಿನ ವಿಜ್ಞಾನವನ್ನು ಅಭ್ಯಾಸ ಮಾಡಿದವರು. 1985ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿನ ಪೊರೆಯಂಥ ಕಾರಣದಿಂದ ಕಣ್ಣಿನೊಳಗೆ ಬೆಳಕು ಚೆದರುವವರು ಕಪ್ಪಿನ ಮೇಲೆ ಬಿಳಿ ಅಕ್ಷರವನ್ನು ಹೆಚ್ಚು ಚೆನ್ನಾಗಿ ಓದಿದರು. ಪೊರೆ ಇಲ್ಲದ ಕಣ್ಣಿಗೆ ಬಿಳಿಯ ಮೇಲಿನ ಕಪ್ಪೇ ಸಾಮಾನ್ಯವಾಗಿ ಸುಲಭ. ಅಸ್ಟಿಗ್ಮಾಟಿಸಂ ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಹರಡಿದಂತೆ ಕಾಣಬಹುದು. ಮ್ಯಾಗ್ನಿಫೈಯರ್ ತೆರೆದಿರುವಾಗ ಕಂಟ್ರೋಲ್, ಆಲ್ಟ್, ಐ ಮೂರನ್ನೂ ಒಟ್ಟಿಗೆ ಒತ್ತಿದರೆ ಬಣ್ಣ ತಿರುಗುಮುರುಗಾಗುತ್ತದೆ. ಎರಡರಲ್ಲೂ ಒಂದೊಂದು ಪುಟ ಓದಿ ನೋಡಿದರೆ ಆ ಕಣ್ಣಿಗೆ ಯಾವುದು ಸರಿ ಎಂದು ಅಲ್ಲೇ ತಿಳಿಯುತ್ತದೆ.

‘ಬ್ಲೂ ಕಟ್’ ಕನ್ನಡಕಕ್ಕೆ ದುಡ್ಡು ಸುರಿಯುವುದು ಬೇಡ. 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ, ಇಂಥ ಗಾಜಿನಿಂದ ಕಂಪ್ಯೂಟರ್ ಕೆಲಸದ ಕಣ್ಣಿನ ದಣಿವು ಕಡಿಮೆಯಾಗುವ ಲಕ್ಷಣ ಕಾಣಲಿಲ್ಲ ಎಂದಿತು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ತೀರಾ ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯ ಮುಖ್ಯ ಮೂಲ ಅದು. ಮುಖಕ್ಕೆ ನೇರ ಬೀಸುವ ಫ್ಯಾನನ್ನು ತಿರುಗಿಸುವುದು, ಆಗಾಗ ದೂರದ ತೆಂಗಿನ ಮರ ನೋಡುವುದು ಆ ಕನ್ನಡಕಕ್ಕಿಂತ ಹೆಚ್ಚು ಉಪಯೋಗ.

“ಕಣ್ಣು ಕಾಣದವರಿಗೆ ಕಂಪ್ಯೂಟರ್ ಯಾಕೆ?”

ಎಲ್ಲಕ್ಕಿಂತ ಹೆಚ್ಚು ನೋಯಿಸುವ ತಪ್ಪು ಕಲ್ಪನೆ ಇದು. ಕಡಿಮೆ ಕಾಣುವುದು ಬೇರೆ, ಕುರುಡು ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇವೆರಡನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 6/18ಕ್ಕಿಂತ ಮೇಲೇರದೆ 3/60ರವರೆಗೆ ಇದ್ದರೆ ಅದು ಮಂದದೃಷ್ಟಿ. ನೋಟದ ವಿಸ್ತಾರ 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಕುಗ್ಗಿದ್ದರೂ ಹಾಗೆಯೇ. ಸರ್ಕಾರಿ ಸಂಸ್ಥೆಗಳು ಇಂಥ ನೌಕರರಿಗೆ ಬೇಕಾದ ಸೌಕರ್ಯ ಒದಗಿಸಬೇಕೆಂದು ಕಾಯ್ದೆಯ 20ನೆಯ ಸೆಕ್ಷನ್ ಹೇಳುತ್ತದೆ. ಪಂಚಾಯತ್ ಕಚೇರಿಯ ಡಾಟಾ ಎಂಟ್ರಿಯವರು ಹೊಂದುವ ಮಾನಿಟರ್ ಕೇಳಿದರೆ ಅದು ದಯೆ ಕೇಳಿದಂತಲ್ಲ.

ಕಣ್ಣು ದಣಿದಾಗ ಕಿವಿ ನೆರವಿಗೆ ಬರಬಹುದು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದಿ ಹೇಳುತ್ತದೆ. ಬೆರಳಿಗೂ ಇಲ್ಲಿ ಕೆಲಸವಿದೆ: ಪರದೆ ಮತ್ತು ಕೀಬೋರ್ಡಿನ ನಡುವೆ ನೋಟ ಓಡಾಡುವುದೇ ಮಂದದೃಷ್ಟಿಯವರಿಗೆ ದೊಡ್ಡ ದಣಿವು. ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ಬಳಕೆಯಾಗುವ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಅಕ್ಷರಗಳು ಉಚ್ಚಾರವನ್ನು ಅನುಸರಿಸಿ ಕೂತಿರುವುದರಿಂದ ನೋಡದೆ ಟೈಪ್ ಮಾಡುವುದನ್ನು ಕಲಿಯುವುದು ಕಷ್ಟವಲ್ಲ.

ನೇರ ಗೆರೆಗಳು ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ, ಸಾಲಿನ ನಡುವೆ ಹೊಸ ಕಪ್ಪು ಚುಕ್ಕೆ ನಿಂತರೆ ಸೆಟ್ಟಿಂಗ್ ಹುಡುಕುತ್ತಾ ಕೂರಬಾರದು. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಉಳಿದವರು ಅಂಗಡಿಗೆ ಹೋಗುವಾಗ ಕಂಪ್ಯೂಟರಿನ ಕನ್ನಡಕ, ಟೇಪು, ಕನ್ನಡ ಪಿಡಿಎಫ್ ಇರುವ ಪೆನ್ ಡ್ರೈವ್ ಒಯ್ಯಲಿ. ಓದಬೇಕಾದವರೇ ಹೋಗಲಿ, ಅವರ ಪರವಾಗಿ ಮಕ್ಕಳಲ್ಲ. ಅಂಗಡಿಯಲ್ಲಿ ಓಡುವ ಬಣ್ಣದ ವಿಡಿಯೊ ನಿಲ್ಲಿಸಿ ಪಿಡಿಎಫ್ ತೆರೆಯಲು ಹೇಳಿ, ಮನೆಯಲ್ಲಿ ಕೂರುವ ದೂರದಲ್ಲೇ ಕೂತು ಓದಲಿ. ಅಗ್ಗದ ಮಾನಿಟರುಗಳ ಸ್ಟ್ಯಾಂಡ್ ಹೆಚ್ಚಾಗಿ ವಾಲುತ್ತದೆ ಅಷ್ಟೆ, ಏರಿಳಿಯುವುದಿಲ್ಲ. ಆದ್ದರಿಂದ ಹಿಂಬದಿಯಲ್ಲಿ ವೆಸಾ ಸ್ಕ್ರೂ ತೂತುಗಳು, 75 ಅಥವಾ 100 ಮಿಲಿಮೀಟರ್ ಅಂತರದವು, ಇವೆಯೇ ಎಂದು ತಿರುಗಿಸಿ ನೋಡಬೇಕು. ಇದ್ದರೆ ಮೇಜಿನ ಅಂಚಿಗೆ ಬಿಗಿಯುವ ಮಾನಿಟರ್ ಆರ್ಮ್ ಹಾಕಿಸಬಹುದು. ಆಗ ಬೆನ್ನು ಬಾಗಿಸಿ ಪರದೆಯ ಹತ್ತಿರ ಹೋಗಬೇಕಾಗಿಲ್ಲ, ಪರದೆಯನ್ನೇ ಕಣ್ಣಿನ ಹತ್ತಿರಕ್ಕೆ ಎಳೆದುಕೊಳ್ಳಬಹುದು.