ಮದರಂಗಿ ಹಚ್ಚಿದ್ರ ಕೂದಲ ಕೆಂಪ ಯಾಕ?

ಬಬಲೇಶ್ವರದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯ ಹೆಣ್ಣುಮಗಳು ಕೇಳಿದರು: “ನೀವು ವಿಜ್ಞಾನದ್ದು ಬರೀತೀರಲ್ರಿ, ಒಂದ್ ಮಾತ್ ಹೇಳ್ರಿ. ಡೈ ಹಚ್ಚಿದ್ರ ತಲಿ ತುರಸ್ತೈತಿ ಅಂತ ಮದರಂಗಿ ಹಚ್ಚಾಕತ್ತೀನಿ. ಬೀಟ್‌ರೂಟ್ ಹಾಕಿ ನೋಡೀನಿ, ಕಾಫಿಪುಡಿ ಹಾಕಿ ನೋಡೀನಿ. ಆದ್ರೂ ಕೆಂಪನ ಆಗ್ತಾವ. ಕರ್ರಗ ಯಾಕ ಆಗವಲ್ವು?”

ಹೋಳಿಗೆ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಇಲ್ಲಿ ಬರೆಯುತ್ತಿದ್ದೇನೆ.

ಮದರಂಗಿ ಎಲೆಯಲ್ಲಿರುವ ಬಣ್ಣದ ಹೆಸರು ಲಾಸೋನ್. ಗಿಡಕ್ಕೆ ಲಾಸೋನಿಯಾ ಎಂದು ಹೆಸರಿಟ್ಟವನು ಲಿನ್ನೇಯಸ್. 1735ರಲ್ಲಿ ಅವನ ಪುಸ್ತಕ ಅಚ್ಚಾಗಲು ಹಣ ಕೊಟ್ಟವರಲ್ಲಿ ಒಬ್ಬನಾದ ಸ್ಕಾಟ್ಲೆಂಡಿನ ವೈದ್ಯ ಐಸಾಕ್ ಲಾಸನ್‌ನ ಹೆಸರು ಹೀಗೆ ನಮ್ಮ ಬೇಲಿಸಾಲಿನ ಗಿಡಕ್ಕೆ ಅಂಟಿಕೊಂಡಿತು. ಲಾಸೋನ್ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ನೇರವಾಗಿ ಕಚ್ಚಿಕೊಳ್ಳುತ್ತದೆ. ಅದರ ಬಣ್ಣವೇ ಕಿತ್ತಳೆಗೆಂಪು. ಕಪ್ಪು ಕೂದಲಿನ ಮೇಲೆ ಅದು ಕಾಣುವುದಿಲ್ಲ, ಬಿಳಿ ಕೂದಲಿನ ಮೇಲೆ ಎದ್ದು ಕಾಣುತ್ತದೆ. ಬೀಟ್‌ರೂಟಿನ ಬಣ್ಣಕ್ಕೆ ಕೂದಲನ್ನು ಹಿಡಿದುಕೊಳ್ಳುವ ಗುಣವಿಲ್ಲ, ಮೊದಲ ನೀರಿಗೇ ಹೋಗುತ್ತದೆ. ಕಾಫಿ, ಚಹಾದ ಕಷಾಯವನ್ನು ಕಬ್ಬಿಣದ ಕಡಾಯಿಯಲ್ಲಿ ಇಟ್ಟಾಗ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಸ್ವಲ್ಪ ಮಬ್ಬು ಬರುವುದು ನಿಜ. ಹಿಂದಿನವರು ಅಣಲೆಕಾಯಿಯಿಂದ ಮಸಿ ಮಾಡುತ್ತಿದ್ದದ್ದೂ ಇದೇ ರಸಾಯನದಿಂದ. ಆದರೆ ತಲೆಗೆ ಬರುವುದು ಕಂದು, ಕಪ್ಪಲ್ಲ.

ಹಾಗಾದರೆ ಅಂಗಡಿಯ ಡೈ ಕರ್ರಗೆ ಹೇಗೆ ಮಾಡುತ್ತದೆ? ಇದನ್ನು ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಹೇಳುವುದು ಬಲು ಸುಲಭ. ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವವರು ಹಣ್ಣನ್ನು ಹಾಗೇ ಒಣಗಲು ಹಾಕುವುದಿಲ್ಲ. ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಶಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಗೊಂಚಲನ್ನು ಅದ್ದಿ ತೆಗೆದು, ಆಮೇಲೆ ಶೆಡ್ಡಿನ ಬಲೆಯ ಮೇಲೆ ಹರಡುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿ ಬಳಿದಂತೆ ಕಾಣುವ ಮೇಣವಿದೆಯಲ್ಲ, ಅದು ಸಣ್ಣ ಸಣ್ಣ ಹಾಳೆಗಳನ್ನು ಒಂದರ ಮೇಲೊಂದು ಹೊದಿಸಿದ ಹಾಗೆ ಇರುತ್ತದೆ. ಅದ್ದಿದಾಗ ಆ ಹಾಳೆಗಳು ಸಡಿಲಾಗುತ್ತವೆ, ಒಳಗಿನ ನೀರಿಗೆ ದಾರಿ ಸಿಗುತ್ತದೆ. ಅದ್ದದೆ ಬಿಟ್ಟ ಹಣ್ಣು ಒಣಗಲು ಎಷ್ಟು ದಿನ ಸತಾಯಿಸುತ್ತದೆ ಎಂಬುದು ಅವರಿಗೇ ಗೊತ್ತು.

ಕೂದಲಿನ ಮೈಮೇಲೂ ಹೆಂಚು ಹೊದಿಸಿದಂತೆ ಚಕ್ಕೆಗಳ ಸಾಲು. ಡೈಯಲ್ಲಿರುವ ಅಮೋನಿಯಾ ಅವನ್ನು ಎತ್ತಿ ನಿಲ್ಲಿಸುತ್ತದೆ. ದ್ರಾಕ್ಷಿಯಲ್ಲಿ ನೀರು ಹೊರಗೆ ಬಂದರೆ, ಇಲ್ಲಿ ಬಣ್ಣದ ಕಚ್ಚಾಮಾಲು ಒಳಗೆ ಹೋಗುತ್ತದೆ. ಅದರಲ್ಲಿ ಮುಖ್ಯವಾದದ್ದು ಪ್ಯಾರಾಫಿನೈಲಿನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಒಳಗೆ ಹೋಗುವಾಗ ಅದು ಬಣ್ಣವಿಲ್ಲದ ಚಿಕ್ಕ ಅಣು. ಹೈಡ್ರೋಜನ್ ಪೆರಾಕ್ಸೈಡ್ ತಾಗಿದೊಡನೆ ಅಣುಗಳು ಒಂದಕ್ಕೊಂದು ಕೈ ಹಿಡಿದು ದೊಡ್ಡವಾಗುತ್ತವೆ, ಕಪ್ಪಾಗುತ್ತವೆ, ಬಂದ ಬಾಗಿಲಲ್ಲಿ ಹೊರಗೆ ಹೋಗಲು ಹಿಡಿಯುವುದಿಲ್ಲ. 1883ರಲ್ಲಿ ಫ್ರಾನ್ಸಿನ ಮೊನ್ನೆ ಕಂಪನಿ ಇದಕ್ಕೆ ಪೇಟೆಂಟ್ ಪಡೆಯಿತು. 1907ರ ಹೊತ್ತಿಗೆ ಯೂಜೀನ್ ಶ್ಯುಲ್ಲರ್ ಎಂಬ ತರುಣ ರಸಾಯನಶಾಸ್ತ್ರಜ್ಞ ತನ್ನದೇ ಡೈ ಮಾಡಿ ಪ್ಯಾರಿಸ್ಸಿನ ಕೇಶಾಲಂಕಾರದವರಿಗೆ ಮಾರತೊಡಗಿದ. ಲೋರಿಯಲ್ ಹುಟ್ಟಿದ್ದು ಹಾಗೆ. ಜಾಣ ವಿದ್ಯೆ, ಒಪ್ಪುತ್ತೇನೆ. ಆದರೆ ಪಿಪಿಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಒಮ್ಮೆ ಒಗ್ಗದೆ ಹೋದರೆ ಮುಂದೆ ಪ್ರತಿ ಸಲವೂ ತುರಿಕೆ, ಬಾವು, ಕಣ್ಣಿನ ರೆಪ್ಪೆ ಊದಿಕೊಳ್ಳುವುದು. ಆ ಹೆಣ್ಣುಮಗಳ ತಲೆ ತುರಿಸಿದ್ದು ಬಹುಶಃ ಇದಕ್ಕೇ.

ನನಗೆ ಅಚ್ಚರಿ ಹುಟ್ಟಿಸುವುದು ಬೇರೆ. ಚಿಕ್ಕದಾಗಿ ಒಳಹೊಕ್ಕು ದೊಡ್ಡದಾಗಿ ಉಳಿಯುವ ಇದೇ ವಿದ್ಯೆ ನೀಲಿ ಗಿಡದ ಎಲೆಗೆ ಮೊದಲಿನಿಂದಲೂ ಗೊತ್ತು. ನಮ್ಮ ಭಾಗದಲ್ಲಿ ನೀಲಗಾರ ಎಂಬ ಅಡ್ಡಹೆಸರಿನ ಮನೆತನಗಳಿವೆ. ಬಟ್ಟೆಗೆ ನೀಲಿ ಕಟ್ಟುವ ಕಸುಬಿನಿಂದ ಬಂದ ಹೆಸರು ಅದು. ಎಲೆಯಲ್ಲಿರುವುದು ಇಂಡಿಕಾನ್, ಅದಕ್ಕೆ ಬಣ್ಣವಿಲ್ಲ. ನೀರು ಬಿದ್ದೊಡನೆ ಎಲೆಯದೇ ಕಿಣ್ವ ಅದನ್ನು ಒಡೆದು ಇಂಡಾಕ್ಸಿಲ್ ಎಂಬ ಚಿಕ್ಕ ಅಣುವನ್ನು ಬಿಡುತ್ತದೆ. ಗಾಳಿ ತಾಗಿದರೆ ಎರಡೆರಡು ಇಂಡಾಕ್ಸಿಲ್ ಕೂಡಿ ನೀರಿನಲ್ಲಿ ಕರಗದ ನೀಲಿಯಾಗುತ್ತವೆ. ಅಮೋನಿಯಾ ಬೇಡ, ಪೆರಾಕ್ಸೈಡ್ ಬೇಡ, ಗಾಳಿ ಸಾಕು. ಈ ನೀಲಿಯ ರಚನೆಯನ್ನು 1883ರಲ್ಲಿ ಬಿಡಿಸಿದವನು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್. ಪಿಪಿಡಿಗೆ ಪೇಟೆಂಟ್ ಸಿಕ್ಕ ವರ್ಷವೇ! 1897ರಲ್ಲಿ ಕಾರ್ಖಾನೆಯ ನೀಲಿ ಪೇಟೆಗೆ ಬಂತು, ಬೆಳೆಯುವವರು ಕೈಬಿಟ್ಟರು.

ಕೆಂಪಿನ ಮೇಲೆ ನೀಲಿ ಕೂತರೆ ಕಣ್ಣಿಗೆ ಕಪ್ಪು. ಅಜ್ಜಿಗೆ ಉತ್ತರ ಇಷ್ಟೇ: ಒಂದು ಎಲೆಯಿಂದ ಆಗದು, ಎರಡು ಬೇಕು, ಒಂದಾದ ಮೇಲೆ ಒಂದು.

ಎರಡರ ಸ್ವಭಾವ ತದ್ವಿರುದ್ಧ. ಮದರಂಗಿಗೆ ಹುಳಿ ಬೇಕು, ಸಮಯ ಬೇಕು. ಎಲೆಯಲ್ಲಿ ಸಕ್ಕರೆಯ ಜೊತೆ ಕಟ್ಟಿಕೊಂಡಿರುವ ಬಣ್ಣ ಹುಳಿಯಲ್ಲಿ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಬೇಗ ಕೆಡುವುದೂ ಇಲ್ಲ. ಇಂಡಿ ತಾಲೂಕಿನ ನಿಂಬೆಹಣ್ಣು ಕೈಗೆ ಸಿಗುವಾಗ ಬೇರೆ ಯಾಕೆ? ಒಂದೆರಡು ಹಣ್ಣಿನ ರಸ ನೀರಿಗೆ ಹಿಂಡಿ, ಪುಡಿ ಕಲಸಿ ರಾತ್ರಿಯಿಡೀ ಮುಚ್ಚಿಡಿ, ಬೆಳಿಗ್ಗೆ ಹಚ್ಚಿ ಎರಡು ಮೂರು ತಾಸು ಬಿಟ್ಟು ತೊಳೆಯಿರಿ. ನೀಲಿ ಎಲೆಯ ಪುಡಿಗೆ ಹುಳಿ ಮುಟ್ಟಿಸಬಾರದು, ಹೆಚ್ಚು ಹೊತ್ತು ನೆನೆಸಲೂಬಾರದು. ಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ಹದಿನೈದು ನಿಮಿಷದಲ್ಲೇ ಹಚ್ಚಬೇಕು. ತಡಮಾಡಿದರೆ ಅಣುಗಳು ಬಟ್ಟಲಲ್ಲೇ ಜೋಡಿಯಾಗಿ ದೊಡ್ಡವಾಗುತ್ತವೆ, ಕೂದಲೊಳಗೆ ಹೋಗಲಾರವು. ಇಂಟರ್ನೆಟ್ಟಿನಲ್ಲಿ ‘ಎರಡನ್ನೂ ಕಲಸಿ ರಾತ್ರಿ ನೆನೆಹಾಕಿ’ ಎನ್ನುವವರು ನೀಲಿಯನ್ನು ಅಲ್ಲಿಯೇ ಸಾಯಿಸುತ್ತಿದ್ದಾರೆ.

ಪೊಟ್ಟಣದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ವಿಜಯಪುರದ ಅಂಗಡಿಗಳಲ್ಲಿ ‘ಕಪ್ಪು ಮೆಹಂದಿ’, ‘ಹರ್ಬಲ್’ ಎಂದು ಎಲೆಯ ಚಿತ್ರ ಹಾಕಿದ ಪುಡಿಗಳು ಸಿಗುತ್ತವೆ. ಅರ್ಧ ತಾಸಿನಲ್ಲಿ ಬಿಳಿ ಕೂದಲನ್ನು ಕಡುಗಪ್ಪು ಮಾಡುವ ಮದರಂಗಿ ಭೂಮಿಯ ಮೇಲೆ ಇಲ್ಲ. ಅಂಥ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿಯೇ. ಪಿಪಿಡಿ ಇರುವ ಡೈಯ ಮೇಲೆ, ‘ಚರ್ಮಕ್ಕೆ ತೊಂದರೆಯಾಗಬಹುದು, ಮೊದಲು ಪರೀಕ್ಷಿಸಿ; ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿ’ ಎಂಬ ಅರ್ಥದ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಹಾಕಬೇಕೆಂದು ನಮ್ಮ ದೇಶದ ನಿಯಮವೇ ಇದೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಅದನ್ನು ಹುಡುಕಿ. ಶುದ್ಧ ಎಲೆಯನ್ನೂ ಮೊದಲ ಸಲ ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡುವುದು ಒಳ್ಳೆಯದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಿಗೆ ಮದರಂಗಿ ಹಚ್ಚಿದರೆ ರಕ್ತಕಣ ಒಡೆಯುವ ಅಪಾಯವಿದೆ.

ತೊಳೆದ ದಿನ ಕೂದಲು ಹಸಿರು ಮಿಶ್ರಿತವಾಗಿ ಕಂಡರೆ ಗಾಬರಿಯಾಗಬೇಡಿ. ನೀಲಿ ಇನ್ನೂ ಗಾಳಿ ಕುಡಿಯುತ್ತಿರುತ್ತದೆ. ಎರಡು ದಿನ ಶಾಂಪೂ, ಸೀಗೆ ಮುಟ್ಟಿಸದಿದ್ದರೆ ಕಪ್ಪಿಗೆ ಬರುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಮುಂದಿನ ಸಲ ಇಡೀ ತಲೆಗೆ ಬಳಿಯುವ ಕೆಲಸವಿಲ್ಲ. ಬುಡದ ಆ ಬಿಳಿ ಗೆರೆಗೆ ಎರಡು ಚಮಚ ಪುಡಿ, ತೊಳೆಯಲು ಒಂದು ಕೊಡ ನೀರು ಸಾಕು.