ಮುಖ ಕೆಂಪೇರುವ ರೊಸೇಶಿಯಾ: ಉರಿ ತಗ್ಗಿಸುವ ಮದ್ದು ಯಾವುದು, ಹೆಚ್ಚಿಸುವ ಮುಲಾಮು ಯಾವುದು?

ಚಳ್ಳಕೆರೆ/ಮೊಳಕಾಲ್ಮುರು: ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವ ಈ ಬಯಲುಸೀಮೆಯಲ್ಲಿ ಮುಖ ಉರಿಯುವುದು ಕಾಯಿಲೆಯೆಂದು ಸುಲಭಕ್ಕೆ ಯಾರಿಗೂ ತೋರುವುದಿಲ್ಲ. ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಕಳೆ ಕೀಳುವವರಿಗೂ, ಮೊಳಕಾಲ್ಮುರಿನ ಸೀರೆಯ ರೇಷ್ಮೆ ನೂಲಿಗೆ ಬಣ್ಣ ಹಾಕುವ ಹಬೆಯ ಮುಂದೆ ನಿಲ್ಲುವವರಿಗೂ ಅದು ಬಿಸಿಲಿನ, ಬಿಸಿಯ ತಾಪ ಅಷ್ಟೆ. ಆದರೆ ನೆರಳಿಗೆ ಬಂದು ಬಹಳ ಹೊತ್ತಾದರೂ ಕೆನ್ನೆ, ಮೂಗು, ಹಣೆ, ಗದ್ದದ ಉರಿ ಇಳಿಯದಿದ್ದರೆ, ಬಿಸಿ ಚಹಾ ಅಥವಾ ಖಾರದ ಸಾರಿಗೂ ಮುಖ ಧಗಧಗಿಸುತ್ತಿದ್ದರೆ ಅದು ರೊಸೇಶಿಯಾ ಎಂಬ ದೀರ್ಘಕಾಲೀನ ಚರ್ಮವ್ಯಾಧಿಯ ಲಕ್ಷಣವಿರಬಹುದು.

ಇದು ಬಿಳಿ ತ್ವಚೆಯವರಿಗೆ ಮಾತ್ರ ಬರುವ ಕಾಯಿಲೆ ಎಂಬ ನಂಬಿಕೆ ವೈದ್ಯ ವಲಯದಲ್ಲೂ ಬಹುಕಾಲ ಇತ್ತು. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ರೋಗಿಗೆ ಉರಿ, ಚುಚ್ಚಿದ ಅನುಭವ ಮಾತ್ರ ಆಗುತ್ತದೆ. ಹೀಗಾಗಿ ಮೊಡವೆ ಅಥವಾ ಬಂಗು ಎಂದು ಭಾವಿಸಿ ಅದಕ್ಕೇ ಔಷಧಿ ನಡೆಯುವುದುಂಟು.

ಕೆಂಪು ಒಂದೇ, ಮದ್ದು ಬೇರೆ ಬೇರೆ

ರೊಸೇಶಿಯಾದಲ್ಲಿ ಆಗಾಗ ಬಂದು ಹೋಗುವ ಕೆಂಪು, ಸದಾ ಉಳಿಯುವ ಕೆಂಪು, ಕೀವುಗುಳ್ಳೆ ಹಾಗೂ ಮೇಲೆದ್ದು ಕಾಣುವ ಸಣ್ಣ ರಕ್ತನಾಳಗಳು ಒಟ್ಟಿಗೆ ಇರಬಹುದು. ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ರೋಗಿಗಳು ಬೇಸತ್ತು ಚಿಕಿತ್ಸೆ ಬಿಡಲು ಇದೂ ಒಂದು ಕಾರಣ.

ಸದಾ ಉಳಿಯುವ ಕೆಂಪಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಶೇ 0.33ರ ಬ್ರಿಮೊನಿಡಿನ್ ಜೆಲ್‌ಗೆ, 2017ರಲ್ಲಿ ಶೇ 1ರ ಆಕ್ಸಿಮೆಟಾಜೊಲಿನ್ ಕ್ರೀಮ್‌ಗೆ ಅನುಮೋದನೆ ನೀಡಿತು. ಎರಡೂ ಹಳೆಯ ಔಷಧಿಗಳೇ. ಮೊದಲನೆಯದು ಗ್ಲಾಕೋಮಾಕ್ಕೆ ಕಣ್ಣಿಗೆ ಹಾಕುವ ಹನಿ, ಎರಡನೆಯದು ಕಟ್ಟಿದ ಮೂಗಿಗೆ ಬಿಡುವ ಹನಿ. (ಹಾಗೆಂದು ಮನೆಯಲ್ಲಿರುವ ಮೂಗಿನ ಹನಿಯನ್ನು ಕೆನ್ನೆಗೆ ಸವರುವ ಪ್ರಯೋಗ ಸಲ್ಲದು.) ಇವು ಚರ್ಮದ ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಬ್ರಿಮೊನಿಡಿನ್ ಹಚ್ಚಿದ ಅರ್ಧ ಗಂಟೆಯಲ್ಲಿ ಕೆಂಪು ಇಳಿಯತೊಡಗಿ, ಮೂರರಿಂದ ಆರು ತಾಸಿನೊಳಗೆ ಪರಿಣಾಮ ಗರಿಷ್ಠಕ್ಕೆ ಮುಟ್ಟಿ, 12 ತಾಸಿನ ಹೊತ್ತಿಗೆ ಕರಗುತ್ತದೆ. ರೋಗವನ್ನೇನೂ ಇದು ಗುಣಪಡಿಸದು. ಕೆಲವರಲ್ಲಿ ಔಷಧಿಯ ಪ್ರಭಾವ ಇಳಿದೊಡನೆ ಮೊದಲಿಗಿಂತ ಹೆಚ್ಚು ಕೆಂಪು ಮರುಕಳಿಸುತ್ತದೆ. ಆದ್ದರಿಂದ ಮೊದಲು ಮುಖದ ಸಣ್ಣ ಭಾಗಕ್ಕೆ ಕೆಲವು ದಿನ ಹಚ್ಚಿ ನೋಡುವುದು ಕ್ಷೇಮ.

ಧಿಡೀರನೆ ಬಂದು ಹೋಗುವ ಕೆಂಪಿಗೆ ಈ ಲೇಪನಗಳು ಅಷ್ಟಾಗಿ ಒದಗುವುದಿಲ್ಲ. ಅಂಥವರಿಗೆ ತಜ್ಞರು ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಅಥವಾ ಕ್ಲೊನಿಡಿನ್ ಮಾತ್ರೆಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದುಂಟು. ಇವು ರಕ್ತದೊತ್ತಡದ ಔಷಧಿಗಳು. ರೊಸೇಶಿಯಾಕ್ಕೆ ಅಧಿಕೃತ ಅನುಮೋದನೆ ಪಡೆದಿಲ್ಲ, ಆಧಾರವಾಗಿರುವ ಅಧ್ಯಯನಗಳೂ ಚಿಕ್ಕವು. ಮೊದಲ ಎರಡನ್ನು ಅಸ್ತಮಾ ಇರುವವರು, ನಾಡಿಬಡಿತ ನಿಧಾನವಿರುವವರು ಸೇವಿಸುವಂತಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಅಂಶ ಕುಸಿದ ಸೂಚನೆಗಳನ್ನು ಇವು ಮರೆಮಾಚಬಲ್ಲವು. ಯಾವುದನ್ನೂ ಏಕಾಏಕಿ ನಿಲ್ಲಿಸಲೂ ಬಾರದು.

ಗುಳ್ಳೆಗಳಿಗೆ ಮೆಟ್ರೊನಿಡಜೋಲ್, ಅಜೆಲಾಯಿಕ್ ಆಮ್ಲ, ಐವರ್‌ಮೆಕ್ಟಿನ್ ಲೇಪನಗಳೂ ಡಾಕ್ಸಿಸೈಕ್ಲಿನ್ ಸೇವನೆಯೂ ಫಲಕಾರಿ. ಡಾಕ್ಸಿಸೈಕ್ಲಿನ್ ಬಿಸಿಲನ್ನು ತಾಳಿಕೊಳ್ಳುವ ಚರ್ಮದ ಶಕ್ತಿಯನ್ನು ಕುಗ್ಗಿಸುವುದರಿಂದ ಹೊಲದಲ್ಲಿ ದುಡಿಯುವವರು ಅದನ್ನು ವೈದ್ಯರ ಗಮನಕ್ಕೆ ತರಬೇಕು, ಗರ್ಭಿಣಿಯರು ಸೇವಿಸಬಾರದು. ಎದ್ದು ಕಾಣುವ ರಕ್ತನಾಳಗಳಿಗೆ ಲೇಸರ್ ಚಿಕಿತ್ಸೆಯೇ ಹೆಚ್ಚು ಫಲಕಾರಿ.

ಅಂಗಡಿಯ ಮುಲಾಮಿನ ಅಪಾಯ

ಇವೆಲ್ಲಕ್ಕಿಂತ ಮೊದಲು ರೋಗಿಯ ಕೈಸೇರುವುದು ಮಾತ್ರ ಸ್ಟೀರಾಯ್ಡ್ ಮುಲಾಮು. ಮುಖ ಬೆಳ್ಳಗಾಗಲೆಂದೋ, ಬಂಗು ಹೋಗಲೆಂದೋ ನೆರೆಯವರ ಮಾತು ಕೇಳಿ ಕೊಂಡು ತಂದಿರುತ್ತಾರೆ. ಹಚ್ಚಿದ ಎರಡು ದಿನಕ್ಕೆ ಉರಿ ಮಾಯ. ಬಿಟ್ಟರೆ ದುಪ್ಪಟ್ಟು ಉರಿ, ಮತ್ತೆ ಅದೇ ಟ್ಯೂಬು. ತಿಂಗಳುಗಟ್ಟಲೆ ಹೀಗೆ ನಡೆದರೆ ಚರ್ಮ ತೆಳುವಾಗಿ, ರಕ್ತನಾಳ ಹಿಗ್ಗಿ, ರೊಸೇಶಿಯಾ ಇಲ್ಲದವರಲ್ಲೂ ಅದನ್ನೇ ಹೋಲುವ ಸ್ಥಿತಿ ಉಂಟಾಗುತ್ತದೆ. ದೇಶದ ಹಲವು ಚರ್ಮರೋಗ ಕೇಂದ್ರಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಖದ ಸಮಸ್ಯೆ ಹೇಳಿಕೊಂಡು ಬಂದ 2,926 ಮಂದಿಯ ಪೈಕಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದುದು ಕಂಡುಬಂದಿತ್ತು. 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ‘ಎಚ್’ ಶೆಡ್ಯೂಲ್‌ಗೆ ಸೇರಿಸಿತು. ನಿಯಮವೇನೋ ಬಂತು, ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂಬುದನ್ನು ಓದುಗರೇ ಬಲ್ಲರು.

ಟ್ಯೂಬಿನ ಮೇಲೆ ಕ್ಲೊಬೆಟಾಸೋಲ್, ಬೀಟಾಮೆಥಸೋನ್, ಮೊಮೆಟಸೋನ್, ಫ್ಲೂಸಿನೊಲೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಬಹುದಿನ ಹಚ್ಚಿದವರು ತಾವಾಗಿಯೇ ಥಟ್ಟನೆ ಬಿಟ್ಟರೆ ಮುಖ ಊದಿಕೊಳ್ಳಬಹುದು. ವೈದ್ಯರ ನಿಗಾದಲ್ಲಿ ಬಿಡಿಸಿಕೊಂಡರೂ ಚರ್ಮ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ಬೇರೆ ಕಾರಣಗಳೂ ಇವೆ

ಮುಖ ಕಾಯುವುದೆಲ್ಲ ರೊಸೇಶಿಯಾ ಅಲ್ಲ. ಮುಟ್ಟು ನಿಲ್ಲುವ ವಯಸ್ಸು, ಥೈರಾಯ್ಡ್ ತೊಂದರೆ, ಮದ್ಯ ಇವುಗಳಿಂದಲೂ ಹಾಗಾಗುತ್ತದೆ. ರಕ್ತದೊತ್ತಡಕ್ಕೆ ವ್ಯಾಪಕವಾಗಿ ಕೊಡುವ ಆಮ್ಲೊಡಿಪಿನ್ ಮಾತ್ರೆಯೂ ಕೆಲವರಲ್ಲಿ ಮುಖ ಕೆಂಪೇರಿಸುತ್ತದೆ. ಮಾತ್ರೆ ಬಿಡದೆ, ಬದಲಿ ಕೇಳಬೇಕು. ಕೆನ್ನೆಯ ಕೆಂಪಿನೊಂದಿಗೆ ಕೀಲುನೋವು, ಜ್ವರ, ಬಾಯಿಹುಣ್ಣು ಇದ್ದರೆ ಲೂಪಸ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ.

ಬಿಸಿಲಿಗೆ ಅಗಲ ಅಂಚಿನ ಟೋಪಿ ಅಥವಾ ಸೆರಗಿನ ಮರೆ, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಆರಿಸಿ ಕುಡಿದ ಚಹಾ ಇವು ಮಾತ್ರೆಯಷ್ಟೇ ನೆರವಿಗೆ ಬರುತ್ತವೆ. ಚಿತ್ರದುರ್ಗ, ಬಳ್ಳಾರಿ ಅಥವಾ ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಹೋಗುವವರು ಈವರೆಗೆ ಹಚ್ಚಿದ ಟ್ಯೂಬು, ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಯಲ್ಲೇ ಒಯ್ಯುವುದು ಒಳ್ಳೆಯದು.